ನೇತ್ರತಜ್ಞ ಡಾ. ಎಂ. ಸಿ. ಮೋದಿ (1916–2005): ಜೀವನ ಮತ್ತು ಸೇವೆ

ಪೀಠಿಕೆ

ಗ್ರಾಮೀಣ ಪ್ರದೇಶದ ಹಿರಿಯ ನಾಗರಿಕರನ್ನು ದೀರ್ಘಕಾಲ ಬಾಧಿಸುವ ತೊಂದರೆಗಳಲ್ಲಿ ಕಣ್ಣಿನ ಕಾಯಿಲೆಗಳು ಪ್ರಮುಖವಾದವು. ಹರಿಹರ ತಾಲ್ಲೂಕಿನ ಮಲೆಬೆನ್ನೂರು ಹಾಗೂ ಸುತ್ತಮುತ್ತಲಿನ ಗ್ರಾಮಗಳಿಂದ ಕಣ್ಣಿನ ಚಿಕಿತ್ಸೆಗಾಗಿ ಬರುವ ಸಾರ್ವಜನಿಕರಲ್ಲಿ ಅನೇಕರು ಹಲವು ವರ್ಷ ತಡವಾಗಿ ಬರುವುದುಂಟು. ಶಸ್ತ್ರಚಿಕಿತ್ಸೆಯ ಭಯ, ಖರ್ಚಿನ ಚಿಂತೆ ಮತ್ತು ಕರೆದೊಯ್ಯುವವರಿಲ್ಲದಿರುವುದು ಇದಕ್ಕೆ ಕಾರಣಗಳಾಗಿವೆ. ಈ ಮೂರು ಅಡಚಣೆಗಳನ್ನು ಸುಮಾರು 80 ವರ್ಷಗಳ ಹಿಂದೆಯೇ ಗುರುತಿಸಿ, ಅವುಗಳ ನಿವಾರಣೆಗಾಗಿ ತಮ್ಮ ಆಯುಷ್ಯವನ್ನು ಮೀಸಲಿಟ್ಟವರು ಕನ್ನಡ ನಾಡಿನ ನೇತ್ರತಜ್ಞ ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು. ಸೇವೆ ಪಡೆಯಲಿಚ್ಛಿಸುವ ನಾಗರಿಕರ ಮಾಹಿತಿಗಾಗಿ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಹಿನ್ನೆಲೆ

ಡಾ. ಮೋದಿಯವರು 1916ರ ಅಕ್ಟೋಬರ್ 4ರಂದು ಬೀಳಗಿಯಲ್ಲಿ ಜನಿಸಿದರು. ಅಂದು ಬೀಳಗಿಯು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚನೆಯಾದ ಸಂದರ್ಭದಲ್ಲಿಯೇ ಬಾಗಲಕೋಟೆ ಜಿಲ್ಲೆಯೂ ರಚನೆಯಾಯಿತು. ಈಗ ಬೀಳಗಿಯು ಆ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿದೆ. ಬಿಸಿಲು, ಧೂಳು ಮತ್ತು ನೀರಿನ ಅಭಾವವಿದ್ದ ಆ ಸೀಮೆಯಲ್ಲಿ ಕಣ್ಣಿನ ಬೇನೆಯು ಮನೆಮನೆಯ ಮಾತಾಗಿತ್ತು.

ವೈದ್ಯಕೀಯ ಶಿಕ್ಷಣದ ನಂತರ ಕಣ್ಣಿನ ಚಿಕಿತ್ಸೆಯನ್ನು ವೃತ್ತಿಯಾಗಿ ಆರಿಸಿಕೊಂಡ ಅವರ ಮೇಲೆ ಮಹಾತ್ಮಾ ಗಾಂಧೀಜಿಯವರ ವಿಚಾರಗಳು ಗಾಢವಾದ ಪರಿಣಾಮವನ್ನು ಬೀರಿದವು. ಪಟ್ಟಣದಲ್ಲಿ ಕುಳಿತು ರೋಗಿಗಳಿಗಾಗಿ ಕಾಯುವ ಬದಲು, ರೋಗಿಗಳಿರುವ ಹಳ್ಳಿಗೆ ವೈದ್ಯನೇ ಹೋಗಬೇಕೆಂಬ ನಿಲುವನ್ನು ಅವರು ತಳೆದರು. 1943ರಿಂದ ಆರಂಭಿಸಿ ಸಾಮೂಹಿಕ ಉಚಿತ ನೇತ್ರ ಶಸ್ತ್ರಚಿಕಿತ್ಸೆಯನ್ನೇ ತಮ್ಮ ಜೀವನದ ಕಾರ್ಯವನ್ನಾಗಿ ಮಾಡಿಕೊಂಡರು.

ಅಂದಿನ ಪರಿಸ್ಥಿತಿ

ಕಣ್ಣಿನೊಳಗಿನ ಮಸೂರವು ವಯಸ್ಸಾದಂತೆ ಮಬ್ಬಾಗುವುದಕ್ಕೆ ಪೊರೆ ಎನ್ನುತ್ತಾರೆ. ಇದು ಯಾವ ಔಷಧದಿಂದಲೂ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯೊಂದೇ ಪರಿಹಾರ. ಆದರೆ ಅಂದಿನ ದಿನಗಳಲ್ಲಿ ನೇತ್ರತಜ್ಞರು ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಂತಹ ಕೆಲವೇ ಸಂಸ್ಥೆಗಳಲ್ಲಿ ಹಾಗೂ ದೊಡ್ಡ ನಗರಗಳಲ್ಲಿ ಮಾತ್ರ ದೊರೆಯುತ್ತಿದ್ದರು. ಹಳ್ಳಿಯ ವೃದ್ಧರಿಗೆ ಪ್ರಯಾಣವೇ ಅಸಾಧ್ಯವಾಗಿತ್ತು. ಸಂತೆ, ಜಾತ್ರೆಗಳಲ್ಲಿ ಸೂಜಿಯಿಂದ ಪೊರೆಯನ್ನು ಕಣ್ಣಿನ ಒಳಕ್ಕೆ ತಳ್ಳುವ ಅನಧಿಕೃತ ಚಿಕಿತ್ಸಕರ ಕೈಗೆ ಸಿಕ್ಕಿ ಕಣ್ಣನ್ನು ಶಾಶ್ವತವಾಗಿ ಕಳೆದುಕೊಂಡವರೂ ಇದ್ದರು.

ದೃಷ್ಟಿ ಹೋದ ವ್ಯಕ್ತಿಯ ದುಡಿಮೆ ನಿಲ್ಲುವುದಲ್ಲದೆ, ಅವರನ್ನು ಕೈಹಿಡಿದು ನಡೆಸಲು ಮನೆಯ ಇನ್ನೊಬ್ಬರ, ಬಹುತೇಕ ಒಬ್ಬ ಬಾಲಕ ಅಥವಾ ಬಾಲಕಿಯ, ದುಡಿಮೆ ಇಲ್ಲವೇ ಶಾಲೆಯೂ ನಿಲ್ಲುತ್ತಿತ್ತು. ಒಂದು ಕಣ್ಣಿನ ಪೊರೆಯು ಇಡೀ ಕುಟುಂಬದ ನಷ್ಟಕ್ಕೆ ಕಾರಣವಾಗುತ್ತಿತ್ತು.

ಶಿಬಿರದ ಕಾರ್ಯವಿಧಾನ

ಡಾ. ಮೋದಿಯವರು ರೂಪಿಸಿದ ವ್ಯವಸ್ಥೆಯು ಸರಳವೂ ಕ್ರಮಬದ್ಧವೂ ಆಗಿತ್ತು. ಶಾಲಾ ಕಟ್ಟಡ, ಛತ್ರ, ಮಠ ಮುಂತಾದ ಊರಿನ ದೊಡ್ಡ ಜಾಗವೇ ಆಸ್ಪತ್ರೆಯಾಗುತ್ತಿತ್ತು. ಊಟ, ಹಾಸಿಗೆ ಮತ್ತು ನೀರಿನ ವ್ಯವಸ್ಥೆಯನ್ನು ಸ್ಥಳೀಯ ದಾನಿಗಳು ಹಾಗೂ ಸೇವಾ ಸಂಸ್ಥೆಗಳು ವಹಿಸಿಕೊಳ್ಳುತ್ತಿದ್ದವು. ಉಪಕರಣಗಳೊಂದಿಗೆ ವೈದ್ಯರ ತಂಡವು ವಾಹನದಲ್ಲಿ ಬಂದಿಳಿಯುತ್ತಿತ್ತು.

ಮೊದಲು ಎಲ್ಲರ ಕಣ್ಣುಗಳನ್ನು ತಪಾಸಣೆ ಮಾಡಿ, ಶಸ್ತ್ರಚಿಕಿತ್ಸೆಯ ಅಗತ್ಯವಿರುವವರನ್ನು ಬೇರ್ಪಡಿಸಲಾಗುತ್ತಿತ್ತು. ಅನಂತರ ಸಾಲಾಗಿ ಇರಿಸಿದ ಮೇಜುಗಳ ಮೇಲೆ ರೋಗಿಗಳನ್ನು ಸಹಾಯಕರು ಸಿದ್ಧಪಡಿಸುತ್ತಿದ್ದರು. ವೈದ್ಯರು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತ ಶಸ್ತ್ರಚಿಕಿತ್ಸೆಯ ಮುಖ್ಯ ಭಾಗವನ್ನು ಮಾತ್ರ ನಿರ್ವಹಿಸುತ್ತಿದ್ದರು. ಪಟ್ಟಿ ಕಟ್ಟುವುದೂ ಸಹಾಯಕರ ಹೊಣೆಯಾಗಿತ್ತು. ಆ ಕಾಲದ ವಿಧಾನದಲ್ಲಿ ಮಸೂರವನ್ನು ಪೂರ್ಣವಾಗಿ ಹೊರತೆಗೆಯುತ್ತಿದ್ದುದರಿಂದ ರೋಗಿಗಳು ಹಲವು ದಿನ ಶಿಬಿರದಲ್ಲಿಯೇ ಮಲಗಿರಬೇಕಾಗುತ್ತಿತ್ತು ಮತ್ತು ನಂತರ ದಪ್ಪ ಗಾಜಿನ ಕನ್ನಡಕವನ್ನು ಧರಿಸಬೇಕಾಗುತ್ತಿತ್ತು.

ಸಾಧನೆಯ ಅಂಕಿ ಅಂಶಗಳು

ಗಿನ್ನೆಸ್ ದಾಖಲೆಗಳ ಪುಸ್ತಕವು ಡಾ. ಮೋದಿಯವರ ಸೇವೆಯನ್ನು ದಾಖಲಿಸಿದೆ. ಅದರ ಪ್ರಕಾರ:

1. ಒಂದೇ ದಿನದಲ್ಲಿ ನಡೆಸಿದ ಪೊರೆ ಶಸ್ತ್ರಚಿಕಿತ್ಸೆಗಳು: 833
2. ಭೇಟಿ ನೀಡಿದ ಗ್ರಾಮಗಳು: 46,120
3. ತಪಾಸಣೆಗೊಳಗಾದ ರೋಗಿಗಳು: 1,21,18,630
4. 1993ರ ಫೆಬ್ರವರಿಯವರೆಗೆ ನಡೆಸಿದ ಒಟ್ಟು ಶಸ್ತ್ರಚಿಕಿತ್ಸೆಗಳು: 6,10,564

ಒಂದೇ ದಿನದ 833 ಶಸ್ತ್ರಚಿಕಿತ್ಸೆಗಳ ಸಂಖ್ಯೆಯು ಹೆಚ್ಚು ಪ್ರಚಾರ ಪಡೆದಿದೆ. ಆದರೆ ಮೂರನೆಯ ಮತ್ತು ನಾಲ್ಕನೆಯ ಅಂಕಿಗಳನ್ನು ಹೋಲಿಸಿ ನೋಡಿದಲ್ಲಿ ಇನ್ನೊಂದು ಸಂಗತಿಯು ತಿಳಿದುಬರುತ್ತದೆ. ತಪಾಸಣೆಗೊಳಗಾದ ಸುಮಾರು 20 ಜನರಿಗೆ ಒಂದರಂತೆ ಮಾತ್ರ ಶಸ್ತ್ರಚಿಕಿತ್ಸೆಗಳು ನಡೆದಿವೆ. ಶಿಬಿರಕ್ಕೆ ಬಂದ ಬಹುಪಾಲು ಜನರ ಕಣ್ಣಿಗೆ ಕತ್ತರಿ ತಾಗಲೇ ಇಲ್ಲ. ಕಣ್ಣಿನ ತಪಾಸಣೆ ಎಂದರೆ ಶಸ್ತ್ರಚಿಕಿತ್ಸೆ ಎಂದು ಭಾವಿಸಿ ಹಿಂಜರಿಯುವವರು ಈ ಲೆಕ್ಕವನ್ನು ಗಮನಿಸುವುದು ಒಳಿತು.

50 ವರ್ಷಗಳಿಗೆ ಹಂಚಿದಾಗ ಶಸ್ತ್ರಚಿಕಿತ್ಸೆಗಳ ಸಂಖ್ಯೆಯು ವರ್ಷಕ್ಕೆ 12,000ಕ್ಕೂ ಹೆಚ್ಚು, ಅಂದರೆ ದಿನವೊಂದಕ್ಕೆ ಸರಾಸರಿ 33 ಆಗುತ್ತದೆ. ರಜೆ, ಪ್ರಯಾಣ, ಅನಾರೋಗ್ಯ ಯಾವುದನ್ನೂ ಈ ಸರಾಸರಿಯಿಂದ ಕಳೆದಿಲ್ಲ.

ಗೌರವಗಳು ಮತ್ತು ಕೊನೆಯ ದಿನಗಳು

ಭಾರತ ಸರ್ಕಾರವು ಅವರಿಗೆ 1956ರಲ್ಲಿ ಪದ್ಮಶ್ರೀ ಹಾಗೂ 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ನೀಡಿ ಗೌರವಿಸಿತು. ಜನಸಾಮಾನ್ಯರು ಅವರನ್ನು ಕಣ್ಣು ಕೊಟ್ಟ ಅಣ್ಣ ಎಂದು ಕರೆದರು. ಬೆಂಗಳೂರಿನಲ್ಲಿ ಅವರ ಹೆಸರಿನ ಧರ್ಮಾರ್ಥ ಕಣ್ಣಿನ ಆಸ್ಪತ್ರೆಯು ಸ್ಥಾಪನೆಯಾಯಿತು; ಆಸ್ಪತ್ರೆಯಿಂದಾಗಿ ಅಲ್ಲಿನ ರಸ್ತೆಗೂ ಅವರ ಹೆಸರೇ ಬಂದಿತು. 2005ರ ನವೆಂಬರ್ 11ರಂದು ತಮ್ಮ 89ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಶಿಬಿರದಿಂದ ಆಸ್ಪತ್ರೆಗೆ

ಡಾ. ಮೋದಿಯವರ ಕಾರ್ಯಾವಧಿಯಲ್ಲಿಯೇ ಸರ್ಕಾರದ ವ್ಯವಸ್ಥೆಯೂ ಬೆಳೆಯಿತು. 1963ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮವು 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ವಿಲೀನಗೊಂಡಿತು. ದೇಶದಲ್ಲಿ ಅಂಧತ್ವದ ಪ್ರಮಾಣವು 2006–07ರ ಸಮೀಕ್ಷೆಯಲ್ಲಿ ಶೇ. 1ರಷ್ಟಿದ್ದು, 2015–19ರ ಸಮೀಕ್ಷೆಯಲ್ಲಿ ಶೇ. 0.36ಕ್ಕೆ ಇಳಿದಿರುವುದು ಕಂಡುಬಂದಿದೆ. ಆದಾಗ್ಯೂ 50 ವರ್ಷ ಮೇಲ್ಪಟ್ಟವರ ಅಂಧತ್ವದಲ್ಲಿ ಸುಮಾರು ಮೂರನೆಯ ಎರಡು ಭಾಗಕ್ಕೆ ಇಂದಿಗೂ ಪೊರೆಯೇ ಕಾರಣವೆಂದು ಅದೇ ಸಮೀಕ್ಷೆಯು ತಿಳಿಸಿದೆ.

ಶಾಲೆ, ಛತ್ರಗಳಲ್ಲಿ ಶಸ್ತ್ರಚಿಕಿತ್ಸೆ ನಡೆಸುವ ಪದ್ಧತಿಯು ಈಗ ಇರುವುದಿಲ್ಲ. ಅಂತಹ ಸ್ಥಳಗಳಲ್ಲಿ ಸೋಂಕು ತಗುಲಿದಲ್ಲಿ ಒಂದೇ ದಿನ ಅನೇಕರ ಕಣ್ಣು ಹೋಗುವ ಅಪಾಯವಿರುತ್ತದೆ. ಅಲ್ಲದೆ ಕೃತಕ ಮಸೂರವನ್ನು ಅಳವಡಿಸಲು ಸೂಕ್ಷ್ಮದರ್ಶಕ ಹಾಗೂ ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿಯ ಅಗತ್ಯವಿರುತ್ತದೆ. ಆದುದರಿಂದ ಗ್ರಾಮದಲ್ಲಿ ತಪಾಸಣೆ ಮಾತ್ರ ನಡೆಸಿ, ಶಸ್ತ್ರಚಿಕಿತ್ಸೆಗಾಗಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯಲಾಗುತ್ತದೆ. ಸ್ಥಳ ಬದಲಾಗಿದ್ದರೂ, ಸೇವೆಯು ಮೊದಲು ಹಳ್ಳಿಯನ್ನು ತಲುಪಬೇಕೆಂಬ ಡಾ. ಮೋದಿಯವರ ತತ್ವವು ಬದಲಾಗಿರುವುದಿಲ್ಲ.

ಸಾರ್ವಜನಿಕರ ಗಮನಕ್ಕೆ

ಮಲೆಬೆನ್ನೂರು ಭಾಗದ ನಾಗರಿಕರು ಸ್ಥಳೀಯ ಸರ್ಕಾರಿ ಆಸ್ಪತ್ರೆ ಅಥವಾ ಆಶಾ ಕಾರ್ಯಕರ್ತೆಯರ ಮೂಲಕ ಕಣ್ಣಿನ ತಪಾಸಣೆಯ ಮಾಹಿತಿಯನ್ನು ಪಡೆಯಬಹುದಾಗಿದೆ. ಹೆಚ್ಚಿನ ಚಿಕಿತ್ಸೆಗೆ ಹರಿಹರದ ತಾಲ್ಲೂಕು ಆಸ್ಪತ್ರೆ ಅಥವಾ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು. ಬರುವಾಗ ಆಧಾರ್ ಮತ್ತು ಪಡಿತರ ಚೀಟಿಗಳನ್ನು, ಬಳಸುತ್ತಿರುವ ಔಷಧಗಳ ಚೀಟಿಗಳನ್ನು ತರುವುದು. ಈ ಕೆಳಗಿನ ಅಂಶಗಳನ್ನು ಗಮನಿಸಲು ಕೋರಲಾಗಿದೆ:

1. ಪೊರೆಯು ಪೂರ್ತಿ ಮಾಗುವವರೆಗೆ ಅಥವಾ ಚಳಿಗಾಲ ಬರುವವರೆಗೆ ಕಾಯುವ ಅಗತ್ಯವಿಲ್ಲ. ಅತಿಯಾಗಿ ಮಾಗಿದ ಪೊರೆಯು ಕಣ್ಣಿನ ಒತ್ತಡವನ್ನು ಹೆಚ್ಚಿಸಿ ದೃಷ್ಟಿಗೆ ಶಾಶ್ವತ ಹಾನಿ ಮಾಡಬಹುದು.

2. ಸಕ್ಕರೆ ಕಾಯಿಲೆಯುಳ್ಳವರು ದೃಷ್ಟಿ ಸರಿಯಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆಯನ್ನು ಮಾಡಿಸತಕ್ಕದ್ದು. ತೊಂದರೆಯು ತಿಳಿಯುವ ವೇಳೆಗೆ ಹಾನಿಯು ಮುಂದುವರಿದಿರುತ್ತದೆ.

3. ಗ್ಲಾಕೋಮಾದಿಂದ ಹೋದ ದೃಷ್ಟಿಯು ಮರಳುವುದಿಲ್ಲ. ಉಳಿದಿರುವ ದೃಷ್ಟಿಯನ್ನು ಕಾಪಾಡಲು ಸಾಧ್ಯ. ಇದಕ್ಕಾಗಿ ವೈದ್ಯರು ಸೂಚಿಸಿದ ಹನಿ ಔಷಧವನ್ನು ಅವರ ಸಲಹೆಯಿಲ್ಲದೆ ನಿಲ್ಲಿಸಬಾರದು.

4. ಭದ್ರಾ ನಾಲೆಯ ಅಚ್ಚುಕಟ್ಟಿನ ಈ ಭಾಗದಲ್ಲಿ ಭತ್ತದ ಕೊಯ್ಲು ಮತ್ತು ಒಕ್ಕಣೆಯ ಕಾಲದಲ್ಲಿ ಭತ್ತದ ಗರಿ ಅಥವಾ ಹೊಟ್ಟು ಕಣ್ಣಿಗೆ ತಾಗಿ ಹುಣ್ಣಾಗುವ ಸಂಭವವಿರುತ್ತದೆ. ಎಲೆಯ ರಸ, ಎದೆಹಾಲು ಮುಂತಾದವನ್ನು ಹಾಕದೆ, ಅಂಗಡಿಯಿಂದ ತಾವಾಗಿಯೇ ಹನಿ ಔಷಧವನ್ನು ತಂದು ಬಳಸದೆ, ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.

5. ಚಿಕಿತ್ಸೆಯ ನಂತರವೂ ದೃಷ್ಟಿ ದೋಷವು ಉಳಿದವರು ನಿಯಮಾನುಸಾರ ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿಗಾಗಿ ಅರ್ಜಿ ಸಲ್ಲಿಸಬಹುದಾಗಿದೆ.

ಡಾ. ಮೋದಿಯವರು 46,000ಕ್ಕೂ ಹೆಚ್ಚು ಗ್ರಾಮಗಳಿಗೆ ಹೋಗಬೇಕಾಗಿ ಬಂದದ್ದು, ಅಲ್ಲಿನವರು ಆಸ್ಪತ್ರೆಗೆ ಬರಲಾಗದ ಸ್ಥಿತಿಯಲ್ಲಿದ್ದುದರಿಂದ. ಇಂದು ಮಲೆಬೆನ್ನೂರಿನಿಂದ ಹರಿಹರಕ್ಕೂ ದಾವಣಗೆರೆಗೂ ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳಬಹುದು. ಮನೆಯಲ್ಲಿರುವ ಹಿರಿಯರು ಮಬ್ಬುಗಣ್ಣನ್ನು ವಯಸ್ಸಿನ ಸಹಜ ಗುಣವೆಂದು ಸಹಿಸಿಕೊಂಡಿದ್ದಲ್ಲಿ, ಅವರನ್ನು ಒಮ್ಮೆ ತಪಾಸಣೆಗೆ ಕರೆತರುವಂತೆ ಕುಟುಂಬದ ಸದಸ್ಯರಲ್ಲಿ ಕೋರಲಾಗಿದೆ.