ಬಡತನದ ವಿಚಾರಣೆಯನ್ನು ಒಪ್ಪದ ವಿಲಿಯಂ ಬೆವರಿಜ್

ನೆರವು ಕೇಳಿ ಬಂದವನು ಮೊದಲು ತನ್ನ ಬಡತನವನ್ನು ರುಜುವಾತುಪಡಿಸಬೇಕೆ? ಅಥವಾ ದುಡಿಯುವ ಕಾಲದಲ್ಲಿ ವಂತಿಗೆ ಕಟ್ಟಿದವನಿಗೆ ಕಷ್ಟಕಾಲದ ನೆರವು ಹಕ್ಕಾಗಿ ದೊರೆಯಬೇಕೆ? ಇಪ್ಪತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡಿದವರು ವಿಲಿಯಂ ಹೆನ್ರಿ ಬೆವರಿಜ್. ಅವರ ಉತ್ತರವನ್ನು ದೇಶವೇ ಕೊಂಡಾಡಿತು. ಆದರೆ ಅದು ಪೂರ್ಣವಾಗಿ ಕಾರ್ಯರೂಪಕ್ಕೆ ಬರಲಿಲ್ಲ.

ಬೆವರಿಜ್ ಹುಟ್ಟಿದ್ದು 1879ರ ಮಾರ್ಚ್ 5ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ರಂಗಪುರದಲ್ಲಿ. ತಂದೆ ಹೆನ್ರಿ ಬೆವರಿಜ್ ಬಂಗಾಳದಲ್ಲಿ ನ್ಯಾಯಾಧೀಶರಾಗಿದ್ದ ಐಸಿಎಸ್ ಅಧಿಕಾರಿ; ಅಕ್ಬರ್‌ನಾಮಾವನ್ನು ಇಂಗ್ಲಿಷಿಗೆ ತಂದ ವಿದ್ವಾಂಸರು. ತಾಯಿ ಆನೆಟ್ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಕಲ್ಕತ್ತೆಗೆ ಬಂದವರು. ಮುಂದೆ ಬಾಬರ್‌ನಾಮಾವನ್ನು ಅನುವಾದಿಸಿದರು. ಮಗ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಓದಿದರು. 1903ರಲ್ಲಿ ಅವರು ಲಂಡನ್ನಿನ ಪೂರ್ವಭಾಗದ ಬಡವರ ನಡುವೆ ಕೆಲಸ ಮಾಡುತ್ತಿದ್ದ ಟಾಯ್ನ್‌ಬೀ ಹಾಲ್ ಸೇರಿದರು. ನಿರುದ್ಯೋಗಕ್ಕೆ ಸೋಮಾರಿತನ ಕಾರಣವಲ್ಲ, ಉದ್ಯಮಗಳ ಏರಿಳಿತವೇ ಕಾರಣ ಎಂಬ ನಿಲುವು ಅವರಲ್ಲಿ ರೂಪುಗೊಂಡದ್ದು ಈ ವರ್ಷಗಳಲ್ಲಿ.

ಆಗ ಬ್ರಿಟನ್ನಿನ ನಿರ್ಗತಿಕರಿಗೆ ಇದ್ದ ಆಸರೆ 1834ರಲ್ಲಿ ತಿದ್ದುಪಡಿಯಾದ ಬಡವರ ಕಾಯಿದೆ. ದುಡಿಮೆಮನೆಯ ಬಾಳು ಹೊರಗಿನ ಅತಿ ಬಡ ಕೂಲಿಯ ಬಾಳಿಗಿಂತ ಕೀಳಾಗಿರಬೇಕು, ಇಲ್ಲವಾದರೆ ಜನ ಅಲ್ಲಿಗೇ ಬಂದಾರು ಎಂಬುದು ಅದರ ತತ್ತ್ವ. 1908ರ ವೃದ್ಧಾಪ್ಯ ಪಿಂಚಣಿ ಕಾಯಿದೆ ಈ ಕಳಂಕದಿಂದ ಮುದುಕರನ್ನು ಬಿಡಿಸಲು ಹೊರಟಿತು. ಎಪ್ಪತ್ತು ತುಂಬಿದವರಿಗೆ ವಾರಕ್ಕೆ 5 ಶಿಲ್ಲಿಂಗ್; ಆದರೆ ವಾರ್ಷಿಕ ಆದಾಯ 21 ಪೌಂಡ್ ಮೀರಿದರೆ ಮೊತ್ತಕ್ಕೆ ಕಡಿತ, 31 ಪೌಂಡ್ 10 ಶಿಲ್ಲಿಂಗ್ ಮೀರಿದರೆ ಏನೂ ಇಲ್ಲ.

ಈ ಆದಾಯ ಪರೀಕ್ಷೆ ಬೆವರಿಜ್ ಅವರಿಗೆ ಹಿಡಿಸಲಿಲ್ಲ. ನಾಲ್ಕು ಕಾಸು ಉಳಿಸಿದವನಿಗೆ ದಂಡ, ಉಳಿಸದವನಿಗೆ ಪಿಂಚಣಿ ಎಂಬಂತಾಗುತ್ತದೆ ಎಂಬುದು ಅವರ ಆಕ್ಷೇಪ. 1907ರಲ್ಲಿ ಜರ್ಮನಿಗೆ ಹೋಗಿ ಅಲ್ಲಿನ ಸಾಮಾಜಿಕ ವಿಮೆಯನ್ನು ಕಂಡಿದ್ದ ಅವರು, ವಂತಿಗೆಯ ಆಧಾರದ ವಿಮೆಯೇ ಲೇಸೆಂದು ನಂಬಿದ್ದರು. 1908ರಲ್ಲಿ ವಿನ್‌ಸ್ಟನ್ ಚರ್ಚಿಲ್ ಸಚಿವರಾಗಿದ್ದ ವಾಣಿಜ್ಯ ಮಂಡಳಿಯನ್ನು ಸೇರಿದರು. ಉದ್ಯೋಗ ವಿನಿಮಯ ಕೇಂದ್ರಗಳನ್ನು ಕಟ್ಟುವ ಹೊಣೆ ಹೊತ್ತರು. 1911ರ ರಾಷ್ಟ್ರೀಯ ವಿಮಾ ಕಾಯಿದೆಯ ನಿರುದ್ಯೋಗ ಭಾಗದಲ್ಲೂ ಅವರ ಕೈ ಇತ್ತು. ಮುಂದೆ 1919ರಿಂದ 1937ರವರೆಗೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸಂಸ್ಥೆಯ ನಿರ್ದೇಶಕರಾಗಿದ್ದರು.

ಮನೆಮನೆಯ ತಪಾಸಣೆ

ಆದಾಯ ಪರೀಕ್ಷೆಯ ಕರಾಳ ಮುಖ ಕಂಡದ್ದು 1931ರಲ್ಲಿ. ಆರ್ಥಿಕ ಕುಸಿತದ ಆ ವರ್ಷ ಸರ್ಕಾರ ನಿರುದ್ಯೋಗ ಭತ್ಯೆಯನ್ನು ಶೇ. 10ರಷ್ಟು ಕಡಿತಗೊಳಿಸಿತು. ವಿಮೆಯ ಅವಧಿ ಮುಗಿದ ನಿರುದ್ಯೋಗಿಗಳ ಇಡೀ ಮನೆಯ ಆದಾಯವನ್ನು ಲೆಕ್ಕ ಹಾಕತೊಡಗಿತು. ಅಧಿಕಾರಿಗಳು ಮನೆಯೊಳಗೆ ಬಂದು ಉಳಿತಾಯವನ್ನೂ ಸಾಮಾನುಗಳನ್ನೂ ವಿಚಾರಿಸಿದರು. ಮಗಳು ಗಳಿಸಿದ ಕೂಲಿ ತಂದೆಯ ಭತ್ಯೆಗೆ ಕತ್ತರಿಯಾಯಿತು. ಹೆತ್ತವರಿಗೆ ಹೊರೆಯಾಗಬಾರದೆಂದು ದುಡಿಯುವ ಮಕ್ಕಳು ಮನೆ ಬಿಟ್ಟದ್ದುಂಟು. ಗಣಿ ಮತ್ತು ಹಡಗುಕಟ್ಟೆಯ ಊರುಗಳಲ್ಲಿ ಈ ಅವಮಾನದ ನೆನಪು ಒಂದು ತಲೆಮಾರಿನವರೆಗೆ ಮಾಸಲಿಲ್ಲ.

1942ರ ವರದಿ

1941ರ ಜೂನ್‌ನಲ್ಲಿ ಬೆವರಿಜ್ ಅವರನ್ನು ಸಾಮಾಜಿಕ ವಿಮೆಯ ಪರಿಶೀಲನಾ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಲಾಯಿತು. ಯುದ್ಧಕಾಲದ ಮಹತ್ವದ ಹುದ್ದೆಯನ್ನು ಬಯಸಿದ್ದ ಅವರಿಗೆ ಇದು ತಮ್ಮನ್ನು ಮೂಲೆಗೆ ತಳ್ಳುವ ಉಪಾಯವೆಂದೇ ತೋರಿತು. ಆದರೆ ಆ ಮೂಲೆಯಿಂದಲೇ ಅವರ ಹೆಸರು ಜಗತ್ತಿಗೆ ಹಬ್ಬಿತು. 1942ರ ಡಿಸೆಂಬರ್‌ನಲ್ಲಿ ಪ್ರಕಟವಾದ ವರದಿಯನ್ನು ಕೊಳ್ಳಲು ಜನ ಸಾಲುಗಟ್ಟಿ ನಿಂತರು. ಲಕ್ಷಾಂತರ ಪ್ರತಿಗಳು ಮಾರಾಟವಾದವು. ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ದೈತ್ಯರನ್ನು ಅದು ಗುರುತಿಸಿತು.

ಎಲ್ಲರಿಂದಲೂ ಸಮನಾದ ವಂತಿಗೆ, ಎಲ್ಲರಿಗೂ ಸಮನಾದ ನೆರವು, ಯಾವ ವಿಚಾರಣೆಯೂ ಇಲ್ಲ: ಇದು ಯೋಜನೆಯ ತಿರುಳು. ವಿಮೆಯ ಬಲೆಯಿಂದ ಜಾರಿದ ಕೆಲವರಿಗಾಗಿ ಮಾತ್ರ ಆದಾಯ ಪರೀಕ್ಷೆಯ ನೆರವು ಉಳಿಯಲಿ, ಅದು ಕಾಲಕ್ರಮದಲ್ಲಿ ಕುಗ್ಗಲಿ ಎಂಬುದು ಅವರ ನಿರೀಕ್ಷೆ. ಆದರೆ ಯೋಜನೆಯಲ್ಲೇ ಒಂದು ಬಿರುಕಿತ್ತು. ಮನೆ ಬಾಡಿಗೆ ಊರಿಂದ ಊರಿಗೆ ಬೇರೆ. ಸಮಮೊತ್ತದ ನೆರವು ಎಲ್ಲರ ಬಾಡಿಗೆಗೂ ಸಾಲುವಂತಿರಲಿಲ್ಲ. ವಿವಾಹಿತ ಸ್ತ್ರೀಯರನ್ನು ಪತಿಯ ಆಶ್ರಿತರೆಂದೇ ಪರಿಗಣಿಸಿದ್ದೂ ಟೀಕೆಗೆ ಗುರಿಯಾಯಿತು.

ಬೆವರಿಜ್ 1944ರಲ್ಲಿ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾದರು, 1945ರಲ್ಲಿ ಸೋತರು. ಹೀಗಾಗಿ ಅವರ ಯೋಜನೆಯನ್ನು ಜಾರಿಗೆ ತಂದದ್ದು ಲೇಬರ್ ಸರ್ಕಾರ. 1948ರ ಜುಲೈ 5ರಂದು ರಾಷ್ಟ್ರೀಯ ವಿಮೆ ಮತ್ತು ಆರೋಗ್ಯ ಸೇವೆ ಆರಂಭವಾದವು, ಹಳೆಯ ಬಡವರ ಕಾಯಿದೆ ಕೊನೆಗೊಂಡಿತು. ಆದರೆ ಒಂಟಿ ವ್ಯಕ್ತಿಗೆ ವಿಮೆಯಿಂದ ವಾರಕ್ಕೆ 26 ಶಿಲ್ಲಿಂಗ್ ಸಿಕ್ಕರೆ, ಆದಾಯ ಪರೀಕ್ಷೆಯ ರಾಷ್ಟ್ರೀಯ ನೆರವಿನಲ್ಲಿ 24 ಶಿಲ್ಲಿಂಗ್ ಜೊತೆಗೆ ಬಾಡಿಗೆಯೂ ಸಿಗುತ್ತಿತ್ತು. ಬಾಡಿಗೆ ಮನೆಯ ವೃದ್ಧರು ಮತ್ತೆ ವಿಚಾರಣೆಗೆ ನಿಲ್ಲಬೇಕಾಯಿತು. ಕುಗ್ಗಬೇಕಾಗಿದ್ದ ಸಾಲು ಬೆಳೆಯಿತು. ಅರ್ಹತೆಯಿದ್ದೂ ಸಂಕೋಚದಿಂದ ಅರ್ಜಿ ಹಾಕದೆ ಉಳಿದ ಮುದುಕರೂ ಅನೇಕರಿದ್ದರು.

ಆ ವರದಿಯ ಪ್ರಭಾವ ಭಾರತಕ್ಕೂ ತಲುಪಿತು. ಬಿ.ಪಿ. ಅದಾರ್ಕರ್ 1944ರಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಸಲ್ಲಿಸಿದ ವರದಿ 1948ರ ನೌಕರರ ರಾಜ್ಯ ವಿಮಾ ಕಾಯಿದೆಗೆ ಬುನಾದಿಯಾಯಿತು. ಅವರನ್ನು ಪುಟ್ಟ ಬೆವರಿಜ್ ಎಂದು ಕರೆದದ್ದೂ ಉಂಟು. ಇಎಸ್‌ಐ ಎಂದೇ ಬೆಂಗಳೂರಿನ ಕಾರ್ಮಿಕರಿಗೆ ಪರಿಚಿತವಾದ ವ್ಯವಸ್ಥೆಯ ಮೂಲ ಅದೇ.

ಬೆವರಿಜ್ 1963ರ ಮಾರ್ಚ್ 16ರಂದು ಆಕ್ಸ್‌ಫರ್ಡಿನಲ್ಲಿ ನಿಧನರಾದರು. ರಾಷ್ಟ್ರೀಯ ನೆರವು 1966ರಲ್ಲಿ ಪೂರಕ ಭತ್ಯೆಯಾಯಿತು. 2013ರಲ್ಲಿ ಆರಂಭವಾದ ಯೂನಿವರ್ಸಲ್ ಕ್ರೆಡಿಟ್ ಕೂಡ ಆದಾಯವನ್ನು ಅಳೆದೇ ಕೊಡುವ ನೆರವು. ಅವರು ಅಂಚಿಗೆ ಸರಿಸಬಯಸಿದ ಪರೀಕ್ಷೆ ಮತ್ತೆ ನಡುಮನೆಗೆ ಬಂದು ಕುಳಿತಿದೆ.