ಮರಿಯಾ ಮಾಂಟೆಸರಿ: ನೊಂದ ಮಕ್ಕಳು, ಒಂದು ಕೋಳಿಗೂಡು, ಕೆಲವು ಹೂಕುಂಡ

ಮೌಖಿಕ ಪರೀಕ್ಷೆಯಲ್ಲಿ ಮಾಂಟೆಸರಿ ಎಂದು ಕೇಳಿದ ಕೂಡಲೇ ನಮ್ಮ ಪ್ರಶಿಕ್ಷಣಾರ್ಥಿಗಳು ಗುಲಾಬಿ ಬಣ್ಣದ ಮರದ ಘನಗಳು, ಕಂದು ಮೆಟ್ಟಿಲು, ಮರಳುಕಾಗದದ ಅಕ್ಷರಗಳು ಎಂದು ಸಾಲಾಗಿ ಹೇಳಿ ಮುಗಿಸುತ್ತಾರೆ. ಉತ್ತರ ಸರಿಯಾಗಿಯೇ ಇರುತ್ತದೆ, ಅಂಕವನ್ನೂ ಕೊಡುತ್ತೇನೆ. ಆದರೆ ಆ ಪಟ್ಟಿಯಲ್ಲಿ ಅವರ ಕೋಳಿಗೂಡು ಕಾಣುವುದಿಲ್ಲ. ಪಾರಿವಾಳದ ಮರಿಗಳಿಲ್ಲ, ತಾರಸಿಯ ಹೂಕುಂಡಗಳಿಲ್ಲ. ಶಿಕ್ಷಣದ ತಾತ್ವಿಕ ತಳಹದಿಯನ್ನು ಬಹಳ ವರ್ಷಗಳಿಂದ ಪಾಠ ಮಾಡುತ್ತಿರುವ ನನಗೆ, ಅವರ ಬದುಕಿನಲ್ಲಿ ಇವಕ್ಕಿರುವ ಜಾಗ ಮರದ ಘನಗಳ ಜಾಗಕ್ಕಿಂತ ಕಿರಿದೇನಲ್ಲ ಅನ್ನಿಸುತ್ತದೆ.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಬೋಧನಾಭ್ಯಾಸಕ್ಕೆ ನೀವು ಹೋಗುವ ಬಹುತೇಕ ಎಲ್ಲ ತರಗತಿಗಳಲ್ಲೂ ಬಾಯಿಬಿಡದ ಒಂದು ಮಗು ಇರುತ್ತದೆ. ಇಲ್ಲವೇ ಪಕ್ಕದವರನ್ನು ಚಿವುಟಿ, ಹೊಡೆದು, ದಿನವೂ ದೂರು ತರಿಸುವ ಒಂದು ಮಗು ಇರುತ್ತದೆ. ತಾಯಿ ತೀರಿಕೊಂಡಿರಬಹುದು, ಮನೆಯಲ್ಲಿ ಜಗಳವಿರಬಹುದು, ಊರು ಬಿಟ್ಟು ಬಂದಿರಬಹುದು. ನಿಮ್ಮ ಪಾಠಯೋಜನೆಯ ಯಾವ ಅಂಕಣದಲ್ಲೂ ಆ ಮಗುವಿಗೆ ಜಾಗವಿಲ್ಲ. ಮಾಂಟೆಸರಿಯವರ ಕೆಲಸ ಶುರುವಾದದ್ದು ಇಂಥ ಮಕ್ಕಳಿಂದಲೇ.

ಅವರು ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯರವಾಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ, ತಾಯಿ ರೆನಿಲ್ಡೆ. ಮಗಳು ಐದು ವರ್ಷದವಳಿದ್ದಾಗ ಕುಟುಂಬ ರೋಮ್ ನಗರಕ್ಕೆ ಬಂತು. ಹೆಣ್ಣುಮಕ್ಕಳು ವೈದ್ಯಕೀಯ ಓದುವುದು ತೀರಾ ಅಪರೂಪವಾಗಿದ್ದ ಕಾಲ ಅದು. ಗಂಡು ಸಹಪಾಠಿಗಳ ಜೊತೆ ಶವಚ್ಛೇದನ ಮಾಡಲು ಬಿಡದೆ, ಎಲ್ಲರೂ ಹೋದ ಮೇಲೆ ಒಬ್ಬರೇ ಆ ಕೋಣೆಯಲ್ಲಿ ಕೆಲಸ ಮಾಡುವಂತೆ ಮಾಡಿದ್ದರು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯರಾಗಿ ಹೊರಬಂದರು. ಶಿಕ್ಷಕ ತರಬೇತಿಯ ಇತಿಹಾಸದಲ್ಲಿ ಇಷ್ಟು ದೊಡ್ಡ ಹೆಸರು ಮಾಡಿದವರು ಮೊದಲು ಸ್ಟೆತಸ್ಕೋಪು ಹಿಡಿದವರು ಎಂಬುದನ್ನು ಮರೆಯಬಾರದು. ಮಗುವನ್ನು ನೋಡುವ ಅವರ ಕಣ್ಣು ಕೊನೆಯವರೆಗೂ ರೋಗಿಯ ಹಾಸಿಗೆಯ ಪಕ್ಕ ನಿಂತು ಕಲಿತ ಕಣ್ಣೇ ಆಗಿತ್ತು.

ವಿಶ್ವವಿದ್ಯಾಲಯದ ಮನೋವೈದ್ಯಕೀಯ ಚಿಕಿತ್ಸಾಲಯದ ಕೆಲಸಕ್ಕಾಗಿ ಆಕೆ ರೋಮ್‌ನ ಹುಚ್ಚಾಸ್ಪತ್ರೆಗಳಿಗೆ ಹೋಗುತ್ತಿದ್ದರು. ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿದ ಮಕ್ಕಳನ್ನು ಆಗ ಅಲ್ಲಿಯೇ ಕೂಡಿಹಾಕುತ್ತಿದ್ದರು. ಅವರ ಜೀವನಚರಿತ್ರೆಗಳಲ್ಲೆಲ್ಲ ಬರುವ ಒಂದು ಸಂಗತಿ ಇದೆ: ಊಟವಾದ ಮೇಲೆ ಆ ಮಕ್ಕಳು ನೆಲದ ಮೇಲೆ ಬಿದ್ದ ಬ್ರೆಡ್ಡಿನ ಚೂರುಗಳನ್ನು ಆಯ್ದುಕೊಳ್ಳಲು ಮುಗಿಬೀಳುತ್ತಿದ್ದರು. ನೋಡಿಕೊಳ್ಳುವಾಕೆಗೆ ಅದು ಹೊಟ್ಟೆಬಾಕತನವಾಗಿ ಕಂಡಿತ್ತು. ಮಾಂಟೆಸರಿ ಸುತ್ತ ನೋಡಿದರು. ಬರಿಯ ಗೋಡೆ, ಬರಿಯ ನೆಲ. ಮಕ್ಕಳ ಕೈಗೆ ಹಿಡಿಯಲು ಬೇರೆ ಏನೂ ಇರಲಿಲ್ಲ. ಹಸಿದದ್ದು ಹೊಟ್ಟೆಯಲ್ಲ, ಕೈ ಎಂದು ಅವರಿಗೆ ತೋರಿತು.

ಮದ್ದು ಹುಡುಕಿ ಅವರು ಫ್ರಾನ್ಸಿನ ಇಬ್ಬರು ವೈದ್ಯರ ಪುಸ್ತಕಗಳಿಗೆ ಹೋದರು, ಇಟಾರ್ ಮತ್ತು ಸೆಗ್ಯಾ. ಕಾಡಿನಲ್ಲಿ ಸಿಕ್ಕ ಅವೇರೋನ್‌ನ ಹುಡುಗನನ್ನು ಇಟಾರ್ ಪ್ಯಾರಿಸ್ಸಿನಲ್ಲಿ ಸಾಕಿ ಕಲಿಸಲು ಯತ್ನಿಸಿದ ವೃತ್ತಾಂತ ನಿಮಗೆ ಮನೋವಿಜ್ಞಾನದ ಪಾಠದಲ್ಲಿ ಬಂದಿದೆ. ಆ ಹುಡುಗ ಹಿಮ ಬಿದ್ದಾಗ ಹೊರಗೆ ಓಡಿ ಅದರಲ್ಲಿ ಹೊರಳುತ್ತಿದ್ದ, ಬೆಳದಿಂಗಳ ರಾತ್ರಿ ಕಿಟಕಿಯ ಬಳಿ ನಿಶ್ಚಲನಾಗಿ ನಿಲ್ಲುತ್ತಿದ್ದ. ನಾವು ಆ ಭಾಗವನ್ನು ವಿಚಿತ್ರವೆಂದು ಓದಿ ಮುಂದೆ ಹೋಗುತ್ತೇವೆ. ಮಾಂಟೆಸರಿ ಅಲ್ಲಿ ನಿಂತರು. ನಾಗರಿಕ ಬದುಕಿಗೆ ಬರುವ ಪ್ರತಿ ಮಗುವೂ ಏನನ್ನೋ ಬಿಟ್ಟುಕೊಟ್ಟು ಬರುತ್ತದೆ. ಆ ನೋವನ್ನು ಕಡಿಮೆ ಮಾಡಬೇಕಾದರೆ ಶಿಕ್ಷಣದ ಒಂದು ಪಾಲನ್ನು ನಿಸರ್ಗಕ್ಕೇ ಒಪ್ಪಿಸಬೇಕು ಎಂಬ ತೀರ್ಮಾನಕ್ಕೆ ಬಂದರು.

ಇದೇ ವರ್ಷಗಳಲ್ಲಿ ಅವರ ಸ್ವಂತ ಬದುಕಿನಲ್ಲೂ ಒಂದು ಮಗು ಬಂತು. ಸಹೋದ್ಯೋಗಿ ವೈದ್ಯ ಮೊಂಟೆಸಾನೊ ಅವರಿಂದ 1898ರಲ್ಲಿ ಮಾರಿಯೊ ಹುಟ್ಟಿದ. ಮದುವೆ ಆಗಿರಲಿಲ್ಲ. ಮಗುವನ್ನು ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆಯಲು ಬಿಟ್ಟರು. ಹದಿಹರೆಯಕ್ಕೆ ಬಂದ ಮೇಲಷ್ಟೇ ಆತ ತಾಯಿಯ ಜೊತೆ ಬಾಳಲು ಬಂದದ್ದು. ಆಮೇಲೂ ಬಹುಕಾಲ ಹೊರಗಿನವರಿಗೆ ಆತ ಸೋದರಳಿಯ ಅಥವಾ ದತ್ತುಪುತ್ರ. ಲೋಕದ ಮಕ್ಕಳಿಗಾಗಿ ಬರೆದಾಕೆ ತನ್ನ ಮಗನನ್ನು ದೂರವಿಟ್ಟರು ಎಂದು ಇದನ್ನು ಆಡಿಕೊಳ್ಳುವವರಿದ್ದಾರೆ. ಆ ಕಾಲದ ಇಟಲಿಯಲ್ಲಿ ಮದುವೆಯಾಗದ ತಾಯಿಯೊಬ್ಬಳಿಗೆ ಉಳಿದಿದ್ದ ದಾರಿಗಳನ್ನು ಎಣಿಸಿ ನೋಡಿದರೆ ಆಡಿಕೊಳ್ಳುವ ಧೈರ್ಯ ನನಗಂತೂ ಬರುವುದಿಲ್ಲ.

1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮೊದಲ ‘ಮಕ್ಕಳ ಮನೆ’ ತೆರೆಯಿತು. ಅಪ್ಪ ಅಮ್ಮ ಕೂಲಿಗೆ ಹೋದಾಗ ಗೋಡೆ ಗೀಚುತ್ತಾ ಮೆಟ್ಟಿಲುಗಳಲ್ಲಿ ಅಲೆಯುತ್ತಿದ್ದ ಸುಮಾರು 50 ಮಕ್ಕಳು. ಅಳುಬುರುಕರು, ಮಾತನಾಡಿಸಿದರೆ ಹೆದರುವವರು, ಮುಖದಲ್ಲಿ ಭಾವವೇ ಇಲ್ಲದವರು ಎಂದು ಮಾಂಟೆಸರಿ ಮುಂದೆ ಅವರನ್ನು ನೆನೆದಿದ್ದಾರೆ. ನೋಡಿಕೊಳ್ಳಲು ಇದ್ದದ್ದು ಶಿಕ್ಷಕ ತರಬೇತಿ ಪಡೆಯದ ಒಬ್ಬ ಮಹಿಳೆ. (ತರಬೇತಿ ಕಾಲೇಜಿನ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಸ್ವಲ್ಪ ಮುಜುಗರದ ಸಂಗತಿಯೇ.) ಮುಂದಿನ ಕೆಲವೇ ವರ್ಷಗಳಲ್ಲಿ ರೋಮ್, ಮಿಲಾನ್‌ಗಳಲ್ಲಿ ಇಂಥ ಮನೆಗಳು ಹೆಚ್ಚಾದವು. 1909ರಲ್ಲಿ ಬಂದ ತಮ್ಮ ಮೊದಲ ದೊಡ್ಡ ಪುಸ್ತಕದಲ್ಲಿ ಗಿಡ ಮತ್ತು ಪ್ರಾಣಿಗಳ ಪಾಲನೆಗೆಂದೇ ಅವರು ಒಂದು ಅಧ್ಯಾಯವನ್ನು ಮೀಸಲಿಟ್ಟರು.

ಆ ಅಧ್ಯಾಯವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಒಂದು ಮಕ್ಕಳ ಮನೆಯಲ್ಲಿ ಬಿಳಿ ಅಮೆರಿಕನ್ ಕೋಳಿಗಳ ಒಂದು ಜೋಡಿ ಇತ್ತು. ಅವಕ್ಕೆ ಚೀನಾದ ಪಗೋಡದ ಆಕಾರದ ಪುಟ್ಟ ಗೂಡು, ಮುಂದೆ ಬೇಲಿ ಹಾಕಿದ ತುಂಡು ನೆಲ. ಸಂಜೆ ಗೂಡಿಗೆ ಬೀಗ ಹಾಕುವ, ಬೆಳಿಗ್ಗೆ ತೆರೆಯುವ, ನೀರು ಹುಲ್ಲು ತರುವ ಕೆಲಸ ಸರದಿಯ ಮೇಲೆ ಮಕ್ಕಳದೇ. ಬೀಗ ಹಾಕುವ ಮುನ್ನ ಕೋಳಿಗಳಿಗೆ ಏನೂ ಕೊರತೆ ಇಲ್ಲವೇ ಎಂದು ನೋಡಿಕೊಳ್ಳುತ್ತಿದ್ದರು. ಎಲ್ಲರೂ ತಂತಮ್ಮ ಕೆಲಸದಲ್ಲಿ ಮುಳುಗಿರುವಾಗ ಒಂದೋ ಎರಡೋ ಮಕ್ಕಳು ಸದ್ದಿಲ್ಲದೆ ಎದ್ದು ಹೋಗಿ, ಕೋಳಿಗಳತ್ತ ಒಂದು ಕಣ್ಣು ಹಾಯಿಸಿ ಬಂದು ಮತ್ತೆ ಕೂರುತ್ತಿದ್ದವು. ಯಾರೂ ಕಳಿಸುತ್ತಿರಲಿಲ್ಲ. ಯಾವುದೋ ಮಗು ಬಹಳ ಹೊತ್ತು ಕಾಣದಿದ್ದರೆ ಶಿಕ್ಷಕಿ ಹುಡುಕಿ ಹೋದಾಗ ಅದು ಕಾರಂಜಿಯ ನೀರಲ್ಲಿ ಬಿಸಿಲಿಗೆ ಹೊಳೆಯುವ ಕೆಂಪು ಮೀನುಗಳನ್ನು ನೋಡುತ್ತಾ ಮೈಮರೆತಿರುತ್ತಿತ್ತು. ಮಿಲಾನ್‌ನ ಶಿಕ್ಷಕಿಯಿಂದ ಒಮ್ಮೆ ಸಂಭ್ರಮದ ಪತ್ರ ಬಂತು: ಪಾರಿವಾಳದ ಮೊಟ್ಟೆಗಳು ಒಡೆದು ಮರಿಗಳು ಹೊರಬಂದಿವೆ, ಮಕ್ಕಳು ತಾವೇ ಅವಕ್ಕೆ ತಂದೆತಾಯಿ ಎಂಬಂತೆ ಬೀಗುತ್ತಿದ್ದಾರೆ. ರೋಮ್‌ನ ಇನ್ನೊಂದು ಮನೆಗೆ ಅಂಗೈಯಗಲ ಮಣ್ಣೂ ಇರಲಿಲ್ಲ. ಅಲ್ಲಿ ತಾರಸಿಯ ಸುತ್ತ ಕುಂಡಗಳನ್ನಿಟ್ಟು, ಗೋಡೆಗೆ ಬಳ್ಳಿ ಹಬ್ಬಿಸಿದ್ದರು. ಒಂದು ದಿನ ಮಾಂಟೆಸರಿ ಹೋಗಿ ನೋಡಿದರೆ ರಾತ್ರಿ ಅರಳಿದ ಒಂದು ಕೆಂಪು ಗುಲಾಬಿಯ ಸುತ್ತ ಮಕ್ಕಳು ನೆಲದ ಮೇಲೆ ವೃತ್ತವಾಗಿ ಕುಳಿತು ಮಾತಿಲ್ಲದೆ ನೋಡುತ್ತಿದ್ದರು.

ಇಷ್ಟೇ ಆಗಿದ್ದರೆ ಇದು ಚಂದದ ಚಿತ್ರವಾಗಿ ಉಳಿಯುತ್ತಿತ್ತು. ಮಾಂಟೆಸರಿ ಇದರ ಹಿಂದಿನ ಕೆಲಸವನ್ನು ವೈದ್ಯೆಯಂತೆ ಬಿಡಿಸಿದರು. ಗಿಡಕ್ಕೆ ನೀರು ಹಾಕದಿದ್ದರೆ ಒಣಗುತ್ತದೆ, ಕೋಳಿಗೆ ಕಾಳು ಹಾಕದಿದ್ದರೆ ಹಸಿಯುತ್ತದೆ ಎಂದು ಅರಿತ ದಿನ ಮಗುವಿನೊಳಗೆ ಎಚ್ಚರ ಹುಟ್ಟುತ್ತದೆ. ನಿನ್ನೆಯಿಂದ ಇವತ್ತಿಗೆ, ಇವತ್ತಿನಿಂದ ನಾಳೆಗೆ ಒಂದು ದಾರ ಬೀಳುತ್ತದೆ. ಆಗ ಮಗುವನ್ನು ಕರೆಯುವುದು ಅಮ್ಮನ ದನಿಯೂ ಅಲ್ಲ, ಶಿಕ್ಷಕಿಯ ದನಿಯೂ ಅಲ್ಲ. ಬಾಯಿಲ್ಲದ ಜೀವದ ಅಗತ್ಯವೇ ಕರೆಯುತ್ತದೆ. ಕಾಳು ಬಿತ್ತಿ ಮೊಳಕೆಗಾಗಿ ಕಾಯುವಾಗ ತಾಳ್ಮೆಯೂ ನಾಳೆಯ ಮೇಲೆ ನಂಬಿಕೆಯೂ ಬರುತ್ತವೆ.

ನೊಂದ ಮಗುವಿನ ವಿಷಯದಲ್ಲಿ ಇದು ಏಕೆ ಮುಖ್ಯ ಎಂದು ನನ್ನ ಮಾತಿನಲ್ಲಿ ಹೇಳುತ್ತೇನೆ. ಅಂಥ ಮಗುವಿಗೆ ದೊಡ್ಡವರ ಪ್ರತಿ ಮಾತೂ ಒಂದೋ ಆಜ್ಞೆ, ಇಲ್ಲವೇ ಕನಿಕರ. ಎರಡರಿಂದಲೂ ಅದು ಮುದುಡಿಕೊಳ್ಳುತ್ತದೆ. ಕೋಳಿ ಆಜ್ಞೆ ಮಾಡುವುದಿಲ್ಲ, ಪಾಪ ಅನ್ನುವುದೂ ಇಲ್ಲ, ನಿನಗೇನಾಯಿತು ಎಂದು ಕೆದಕುವುದಿಲ್ಲ. ಅದಕ್ಕೆ ಬೇಕಾದ್ದು ಕಾಳು. ಎಲ್ಲರಿಂದ ನೋಡಿಸಿಕೊಳ್ಳುತ್ತಿದ್ದ ಮಗು ಅಲ್ಲಿ ತಾನೇ ನೋಡಿಕೊಳ್ಳುವ ಜಾಗಕ್ಕೆ ಬರುತ್ತದೆ.

1908ರ ಡಿಸೆಂಬರ್ 28ರ ಬೆಳಗಿನ ಜಾವ ಸಿಸಿಲಿಯ ಮೆಸ್ಸೀನಾ ನಗರ ಭೂಕಂಪಕ್ಕೆ ಕುಸಿಯಿತು. ಸತ್ತವರು 75,000ಕ್ಕೂ ಹೆಚ್ಚು ಎಂಬ ಅಂದಾಜಿದೆ. ಅವಶೇಷಗಳ ಬಳಿ ಒಂಟಿಯಾಗಿ ಸಿಕ್ಕ ಸುಮಾರು 60 ಪುಟ್ಟ ಮಕ್ಕಳನ್ನು ರೋಮ್‌ನ ವಿಯಾ ಜುಸ್ತಿಯಲ್ಲಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿನಿಯರ ಮಠಕ್ಕೆ ತಂದರು. ಯಾರ ಮಕ್ಕಳು, ಹೆಸರೇನು ಎಂಬುದೂ ತಿಳಿಯದು. ಮಾತಿಲ್ಲ, ಊಟ ಸೇರದು, ನಿದ್ದೆ ಹತ್ತದು; ರಾತ್ರಿಯಲ್ಲಿ ಚೀರಿ ಅಳುತ್ತಿದ್ದವು. ಇಂದು ನಾವು ಆಘಾತ ಎಂದು ಹೆಸರಿಡುವುದನ್ನು ಆಗ ಎದುರಿಸಬೇಕಾದದ್ದು ಮಾಂಟೆಸರಿ ಮತ್ತು ಆ ಸಂನ್ಯಾಸಿನಿಯರು. ಮಕ್ಕಳ ಅಳತೆಯ ಪೀಠೋಪಕರಣ, ಬಣ್ಣದ ಪರದೆ, ಕುಂಡಗಳಲ್ಲಿ ಹೂವು ಬಂದವು. ಮೇಜು ಹಾಸುವುದು, ಬಡಿಸುವುದು, ಒರೆಸಿಡುವುದು ನಿಧಾನವಾಗಿ ಮಕ್ಕಳ ಕೈಗೆ ಬಂತು. ಮಠದ ತೋಟ ಅವರದಾಯಿತು. ಮೊದಲು ಹಸಿವು ಮರಳಿತು, ಆಮೇಲೆ ನಿದ್ದೆ. ಕೆಲವು ಕಾಲದ ನಂತರ ಅದೇ ಮಕ್ಕಳು ತೋಟದಲ್ಲಿ ಓಡಾಡುತ್ತಾ, ಕೋಣೆಯ ಕುರ್ಚಿ ಮೇಜುಗಳನ್ನು ಒಂದನ್ನೂ ಮುರಿಯದೆ ಹೊತ್ತು ತಂದು ಮರದ ಕೆಳಗೆ ಜೋಡಿಸುತ್ತಿದ್ದರು. ಇದನ್ನೆಲ್ಲ ಹೇಳುವುದು ಮಾಂಟೆಸರಿಯೇ, ತಮ್ಮ ಕೆಲಸದ ಬಗ್ಗೆ ತಾವೇ. ಆ ಎಚ್ಚರ ಓದುವವರಿಗೆ ಇರಲಿ. ಗುಣವಾಗಲು ತೋಟವೆಷ್ಟು, ಸಂನ್ಯಾಸಿನಿಯರ ಅಕ್ಕರೆಯೆಷ್ಟು, ಮೇಜು ಒರೆಸುವ ಕೆಲಸವೆಷ್ಟು ಎಂದು ತೂಗಿ ಹೇಳುವುದೂ ಆಗದು. ನನಗೆ ಹಿಡಿಸುವುದು ಬೇರೆ: ಅಲ್ಲಿ ಯಾರೂ ಮಕ್ಕಳಿಂದ ಭೂಕಂಪದ ಕತೆ ಹೇಳಿಸಲು ಹೊರಡಲಿಲ್ಲ.

ನಿಸರ್ಗದ ಹೆಸರಿನಲ್ಲಿ ಮಕ್ಕಳಿಗೆ ಎಕರೆಗಟ್ಟಲೆ ನೆಲ ಒಪ್ಪಿಸುವುದನ್ನು ಅವರು ಒಪ್ಪಲಿಲ್ಲ. ತೋಟ ಮಗುವಿನ ಮನಸ್ಸು ಹಿಡಿದಿಡಬಲ್ಲಷ್ಟೇ ದೊಡ್ಡದಿರಬೇಕು. ಪ್ರತಿ ಗಿಡವನ್ನೂ ಅದು ಗುರುತಿಸಬೇಕು. ಅಗೆಯುವುದು ಚಿಕ್ಕವರಿಗೆ ಬೇಗ ಬೇಸರ ತರುತ್ತದೆ, ಕೀಳುವುದು, ಆಯುವುದು, ಕಾದು ನೋಡುವುದು ಅವರಿಗೆ ಇಷ್ಟ ಎಂಬುದನ್ನೂ ಗಮನಿಸಿದ್ದರು. ಮಳೆ ಬಂದರೆ ಹೊರಗೆ ಬಿಡಿ, ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲಿ ಎಂಬುದು ಅವರ ನಿಲುವು. ನಮ್ಮ ಶಾಲೆಗಳಲ್ಲಿ ಮಳೆ ಬಂದೊಡನೆ ಕಿಟಕಿ ಮುಚ್ಚುತ್ತೇವೆ.

ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಯುದ್ಧದಲ್ಲಿ ಮನಸ್ಸು ಮುರಿದ ಮಕ್ಕಳಿಗಾಗಿ ‘ಶ್ವೇತ ಕ್ರಾಸ್’ ಎಂಬ ಸಂಸ್ಥೆ ಬೇಕೆಂದು ಅವರು ಓಡಾಡಿದರು. ಅದು ಕೈಗೂಡಲಿಲ್ಲ. 1930ರ ದಶಕದಲ್ಲಿ ಮುಸೊಲಿನಿಯ ಸರ್ಕಾರದೊಂದಿಗೆ ಕೆಟ್ಟು ಇಟಲಿ ಬಿಟ್ಟರು, ಅಂತರ್ಯುದ್ಧ ಶುರುವಾದಾಗ ಸ್ಪೇನ್ ಬಿಟ್ಟರು. ಹದಿಹರೆಯದವರು ಕೆಲವು ವರ್ಷ ಹಳ್ಳಿಯ ಹೊಲಮನೆಯಲ್ಲಿ ದುಡಿದು ಕಲಿಯಬೇಕೆಂಬ ಯೋಜನೆಯನ್ನು ಈ ಅಲೆದಾಟದ ಕಾಲದಲ್ಲೇ ಬೆಳೆಸಿದರು.

1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮದ್ರಾಸಿನ ಅಡ್ಯಾರಿಗೆ ಬಂದರು. ಮೊದಲ ತರಬೇತಿಯಲ್ಲಿ 300ಕ್ಕೂ ಹೆಚ್ಚು ಮಂದಿ ಇದ್ದರು. ಕೆಲವು ತಿಂಗಳಿಗೆಂದು ಬಂದವರು ಯುದ್ಧದಿಂದಾಗಿ 1946ರವರೆಗೆ ಉಳಿದರು. 1940ರಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟಿತು. ತಾಯಿಯ 70ನೇ ಹುಟ್ಟುಹಬ್ಬದಂದು ವೈಸರಾಯರು ಅವರನ್ನು ಬಿಡುಗಡೆ ಮಾಡಿದರು. ಆ ತಂತಿಯಲ್ಲಿ ಮಾರಿಯೊ ಅವರ ಮಗನೆಂದೇ ಇತ್ತು. ಅಧಿಕೃತವಾಗಿ ಆ ಸಂಬಂಧವನ್ನು ಹೆಸರಿಟ್ಟು ಕರೆದದ್ದು ನಮ್ಮ ನೆಲದಲ್ಲಿ. 1942ರಿಂದ ಸುಮಾರು ಎರಡು ವರ್ಷ ತಾಯಿ ಮಗ ಕೊಡೈಕನಾಲ್‌ನಲ್ಲಿದ್ದರು. ಅಲ್ಲಿನ ಬೆಟ್ಟ, ಜರಿಗಿಡ, ಪಾಚಿ, ಕೀಟಗಳೇ ಅಲ್ಲಿನ ಪುಟ್ಟ ಶಾಲೆಯ ಪಾಠವಾದವು. ಜಗತ್ತಿನ ಪ್ರತಿ ಜೀವಿಯೂ ಮತ್ತೊಂದಕ್ಕೆ ಒದಗುವ ಕೆಲಸ ಮಾಡುತ್ತದೆ ಎಂಬ ಅವರ ‘ವಿಶ್ವಶಿಕ್ಷಣ’ ಅಲ್ಲಿ ಮೈದುಂಬಿತು. 1952ರ ಮೇ 6ರಂದು ನೆದರ್ಲೆಂಡ್ಸಿನ ಕಡಲತಡಿಯ ನೋರ್ಡ್‌ವೈಕ್‌ನಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲೇ ಇದೆ.

ಇನ್ನು ನಿಮ್ಮ ಕೆಲಸಕ್ಕೆ ಬರುತ್ತೇನೆ. ಗಿಡಕ್ಕೆ ನೀರು ಹಾಕುವುದನ್ನು ತಡವಾಗಿ ಬಂದವರಿಗೆ ಶಿಕ್ಷೆಯಾಗಿ ಕೊಡುವ ಶಾಲೆಯನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದರೆ ಎಲ್ಲವೂ ಕೆಟ್ಟಿತು. ಬಹುಮಾನವಾಗಿಯೂ ಕೊಡಬೇಡಿ. ಹೊಡೆಯುವ ಅಭ್ಯಾಸವಿರುವ ಮಗುವಿನ ಕೈಗೆ ಮೊದಲ ದಿನವೇ ಕೋಳಿಮರಿ ಕೊಡುವುದು ಮರಿಗೂ ಮಗುವಿಗೂ ಅನ್ಯಾಯ. ಬಿಸಿಯೂಟದ ಕೈತೋಟದ ಒಂದು ಮೆಣಸಿನ ಗಿಡ, ಗುಬ್ಬಿಗಳಿಗೆ ನೀರಿಡುವ ಒಂದು ಮಣ್ಣಿನ ಬಟ್ಟಲು ಸಾಕು. ಗಿಡ ಒಣಗಿದರೆ ಬೈಯದೆ, ಮಗುವಿನ ಜೊತೆ ಕೂತು ಇನ್ನೊಂದು ನೆಡಿ. ದಿನವೂ ಒಂದು ಸಾಲು ಬರೆದಿಡಿ: ತಾನಾಗಿ ಎದ್ದು ಹೋಯಿತೇ, ಯಾರಾದರೂ ನೆನಪಿಸಬೇಕಾಯಿತೇ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ಬೋಧನಾಭ್ಯಾಸ ಮುಗಿದ ದಿನ ನೀವು ಹೊರಟುಬಿಡುತ್ತೀರಿ. ಯಾರನ್ನೋ ಕಳೆದುಕೊಂಡಿರುವ ಮಗುವಿಗೆ ನೀವೂ ಹೋದವರ ಸಾಲಿಗೆ ಸೇರುತ್ತೀರಿ. ಆದ್ದರಿಂದ ಆ ಗಿಡ ನಿಮ್ಮದಾಗಿರಬಾರದು, ಮಗುವಿನದಾಗಿರಬೇಕು. ಕೊನೆಯ ವಾರ ಬರುವ ಮುನ್ನವೇ ತರಗತಿ ಶಿಕ್ಷಕರನ್ನು ಗಿಡದ ಬಳಿ ಕರೆದುಕೊಂಡು ಹೋಗಿ, ಯಾವ ಮಗು ನೋಡಿಕೊಳ್ಳುತ್ತಿದೆ ಎಂದು ತೋರಿಸಿ. ರಜೆಯಲ್ಲಿ ನೀರು ಹಾಕುವವರು ಯಾರು ಎಂದು ಮಗುವಿನ ಎದುರಿಗೇ ಕೇಳಿ ಗೊತ್ತುಮಾಡಿಕೊಳ್ಳಿ.