ಬು ಅಲಿ ಸೀನಾ ಮತ್ತು ಎರಡು ಚೀಟಿ

ಇಂಗ್ಲಿಷ್ ಪುಸ್ತಕಗಳ ಅವಿಸೆನ್ನಾ ನಮ್ಮ ಮನೆಯಲ್ಲಿ ಬು ಅಲಿ ಸೀನಾ. ಕ್ರಿ.ಶ. 980ರಲ್ಲಿ ಬುಖಾರಾ ಹತ್ತಿರದ ಅಫ್ಶಾನಾದಲ್ಲಿ ಹುಟ್ಟಿದರು. ಹೆಚ್ಚುಕಡಿಮೆ ನನ್ನ ವಯಸ್ಸಿಗೇ ಸಾಮಾನಿ ದೊರೆ ನೂಹ್ ಬಿನ್ ಮನ್ಸೂರ್ ಅವರಿಗೆ ಚಿಕಿತ್ಸೆ ಕೊಟ್ಟು, ಅರಮನೆಯ ಗ್ರಂಥಾಲಯದಲ್ಲಿ ಓದುವ ಅವಕಾಶ ಪಡೆದರು. ನನಗಿನ್ನೂ ಬ್ಯಾಲೆನ್ಸ್ ಶೀಟ್ ತಾಳೆಯಾಗುತ್ತಿಲ್ಲ!

ಅವರ 'ಅಲ್ ಖಾನೂನ್' ಹೆಸರನ್ನು ಎಲ್ಲರೂ ಕೇಳಿರುತ್ತೀರಿ. ನನಗೆ ಹಿಡಿಸಿದ್ದು ಹೃದಯದ ಔಷಧಿಗಳ ಬಗ್ಗೆ ಅವರು ಬರೆದ ಚಿಕ್ಕ ಗ್ರಂಥ. ಸಂತೋಷ, ದುಃಖಗಳ ಚರ್ಚೆಯೂ ಅದರಲ್ಲೇ ಇದೆ. ಹೃದಯಕ್ಕೊಂದು, ಮನಸ್ಸಿಗೊಂದು ಖಾತೆಯನ್ನು ಅವರು ತೆರೆಯಲಿಲ್ಲ. ನಾವು ತೆರೆದಿದ್ದೇವೆ. ನನ್ನ ನಾನಿಗೆ ಹೃದಯದ ಡಾಕ್ಟರು ವಾರ್ಫರಿನ್ ಬರೆದಿದ್ದರು, ಖಿನ್ನತೆಗೆ ಇನ್ನೊಬ್ಬರು ಫ್ಲೂಕ್ಸೆಟಿನ್ ಬರೆದರು. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎರಡು ಚೀಟಿಯನ್ನೂ ಒಟ್ಟಿಗೆ ನೋಡಿದ ಮೆಡಿಕಲ್ ಶಾಪಿನವರು ನಮ್ಮನ್ನು ಡಾಕ್ಟರ ಬಳಿಗೆ ವಾಪಸ್ ಕಳಿಸಿದರು. ಡಾಕ್ಟರು ಖಿನ್ನತೆಯ ಗುಳಿಗೆ ಬದಲಿಸಿದರು, ರಕ್ತ ಪರೀಕ್ಷೆ ಬೇಗ ಬೇಗ ಮಾಡಿಸಲು ಹೇಳಿದರು. ನಾವಾಗಿಯೇ ಯಾವ ಗುಳಿಗೆಯನ್ನೂ ನಿಲ್ಲಿಸಬಾರದಂತೆ, ಅದೂ ಅಪಾಯವೇ.

ಸೀನಾ ಮುಂದೆ ಹಮದಾನ್‌ನಲ್ಲಿ ವಜೀರರಾದರು, ಸೆರೆಮನೆ ಕಂಡರು, ಇಸ್ಫಹಾನ್ ಸೇರಿದರು. ಕೊನೆಗೆ ದಂಡಯಾತ್ರೆಯ ನಡುವೆ ಕರುಳಿನ ಶೂಲೆ ಹಿಡಿಯಿತು. ಶಿಷ್ಯ ಜೂಜಾನಿ ಬರೆದಿಟ್ಟಂತೆ, ಉಪಚರಿಸಿದ ವೈದ್ಯನೊಬ್ಬ ಮದ್ದಿಗೆ ಹೇಳಿದ್ದಕ್ಕಿಂತ ಬಹಳ ಹೆಚ್ಚು ಸೆಲರಿ ಬೀಜ ಹಾಕಿದ. ಇನ್ನೊಂದು ಮದ್ದಿಗೆ ಸೇವಕನೊಬ್ಬ ವಿಪರೀತ ಅಫೀಮು ಬೆರೆಸಿದ. 1037ರಲ್ಲಿ ಹಮದಾನ್‌ನಲ್ಲಿ ತೀರಿಕೊಂಡರು. ಅವರ ಮಜಾರ್ ಅಲ್ಲೇ ಇದೆ.